ನಾಯಕರ ಹೊಲದಲ್ಲಿ ಗುಂಡಿ

“ಏ ಮುಂಡೆ, ಅಲ್ಲೇ ನಿಂತ್ಕೊ. ನಿನ್ ನೆಳ್ಳು ನಾಯಕರ ಜ್ವಾಳದ್ ಮ್ಯಾಲೆ ಬಿದ್ದಾತು.”

ತಳವಾರ ವೆಲಾಫಿ ಕೂಗಿದ ಕೂಡಲೇ ತೆಂಗೆತಿಲೆ ಹೊಲದ ಬದುವಿನಲ್ಲೇ ನಿಂತಳು. ಗಂಡ ಸತ್ತು ಎಂಟು ತಿಂಗಳಾಗಿತ್ತು. ಸ್ವಾಜಿ ನಾಡಿನಲ್ಲಿ ಹೆಂಗಸು ವಿಧವೆಯಾದರೆ ಎರಡು ವರ್ಷ ಅಡಿಯಿಂದ ಮುಡಿಯವರೆಗೆ ಕಪ್ಪು ತೊಡಬೇಕು. ದೊರೆಯ ಎದುರಿಗಾಗಲಿ, ನಾಯಕನ ಅಂಗಳಕ್ಕಾಗಲಿ ಸುಳಿಯಬಾರದು. ಮುಟ್ಟಿದವನಿಗೂ ಸೂತಕ ಅಂಟುತ್ತದೆ.

ಅವಳ ಹಿಂದೆ ದಾರಿಯಲ್ಲಿ ಗಡಿಯಾಚೆಯ ವ್ಯಾನು ನಿಂತಿತ್ತು. ಅದರೊಳಗಿನ ಪೆಟ್ಟಿಗೆಯಲ್ಲಿದ್ದವನು ಅವಳ ಒಬ್ಬನೇ ಮಗ ಎಂಚಿನಿಸೆಲಿ. ಅಲ್ಲಿನ ಕಲ್ಲಿದ್ದಲು ಗಣಿ ಕುಸಿದು ಸತ್ತಿದ್ದ. ಅಪ್ಪನ ಗೋರಿಯ ಪಕ್ಕದಲ್ಲಿ ಗುಂಡಿ ತೋಡಲು ಬೆಳಿಗ್ಗೆ ಬಂದಿದ್ದ ನಾಲ್ವರನ್ನು ವೆಲಾಫಿ ಓಡಿಸಿಬಿಟ್ಟಿದ್ದ. ನೆಲವೆಲ್ಲ ದೊರೆಯದು, ದೊರೆಯ ಹೆಸರಲ್ಲಿ ನಾಯಕನದು. ನಾಯಕ ಬೇಡವೆಂದರೆ ಹೆಣಕ್ಕೂ ಜಾಗವಿಲ್ಲ.

ಮಗ ಮಾಡಿದ ತಪ್ಪು ಇಷ್ಟೇ. ಹೋದ ರಜೆಯಲ್ಲಿ ಬಂದಾಗ ನಾಯಕನ ಸಭೆಯಲ್ಲಿ ಎದ್ದು ನಿಂತು ಕೇಳಿದ್ದ: ಆಚೆ ದೇಶದಲ್ಲಿ ಆಳುವವರನ್ನು ಜನ ವೋಟು ಹಾಕಿ ಆರಿಸುತ್ತಾರೆ, ಸರಿಬರದಿದ್ದರೆ ಐದು ವರ್ಷಕ್ಕೆ ಮನೆಗೆ ಕಳಿಸುತ್ತಾರೆ, ನಮ್ಮ ದೊರೆಯನ್ನಾಗಲಿ, ನಿಮ್ಮನ್ನಾಗಲಿ ಕಳಿಸುವುದು ಹೇಗೆ? ನಾಯಕ ನಶ್ಯ ಏರಿಸಿ ನಕ್ಕಿದ್ದ.

“ವೋಟ್ ಹಾಕೋ ಊರಲ್ಲೇ ಹೂತ್ಕೊಳ್ಲಿ ಅಂತ ನಾಯಕರು ಅಂದವ್ರೆ,” ಎಂದ ವೆಲಾಫಿ.

“ಅಲ್ಲಿ ಅವ್ನ್ಗೆ ವೋಟೇ ಇರ್ನಿಲ್ಲ ಕಣಪ್ಪ. ಪರದೇಸಿ ಅಂದ್ಬುಟ್ಟು ಕೊಡ್ನಿಲ್ಲ. ಬೇರೇರು ಹಾಕೋದ್ನ ನೋಡ್ಕಂಡ್ ಬಂದಿದ್ದ, ಅಷ್ಟೇಯ.”

ಹೊಲದಾಚೆಯ ಮನೆಗೆ ತಾನೇ ಹೋಗಿ ನಾಯಕರ ಕಾಲು ಹಿಡಿಯುತ್ತೇನೆಂದಳು. ಕರಿಬಟ್ಟೆಯಲ್ಲಿ ಹೋಗುವಂತಿಲ್ಲ, ಮನೆಯ ಗಂಡಸನ್ನು ಕಳಿಸು ಎಂದ ಅವನು.

“ಮನೆ ಗಂಡಸು ವ್ಯಾನ್‌ನಾಗವ್ನೆ,” ಎಂದಳು ತೆಂಗೆತಿಲೆ.

ವ್ಯಾನಿನ ಚಾಲಕ ಆಚೆ ದೇಶದವನು. ಸಂಜೆ ಗಡಿಯ ಗೇಟು ಹಾಕುವುದರೊಳಗೆ ಪೆಟ್ಟಿಗೆ ಇಳಿಸಿಕೊಳ್ಳದಿದ್ದರೆ ವಾಪಸ್ಸು ಒಯ್ಯಬೇಕಾಗುತ್ತದೆ, ಅಲ್ಲಿ ಅನಾಥರ ಸಾಲಿನಲ್ಲಿ ಹೂಳುತ್ತಾರೆ ಎಂದು ಆಗಲೇ ಹೇಳಿದ್ದ. ಈಗ, ವೋಟು ಹಾಕಿ ಹಾಕಿ ತಮ್ಮ ಕೈ ಸೋತಿದೆ, ನಲ್ಲಿಯಲ್ಲಿ ಮಾತ್ರ ಇನ್ನೂ ನೀರು ಬಂದಿಲ್ಲ ಎಂದು ಗೊಣಗಿದ. ಆಮೇಲೆ ತಲೆ ತಗ್ಗಿಸಿ, “ಆದ್ರೆ ಹೆಣ ಹೂಳಕ್ಕೆ ಯಾವ ಬೋಳಿಮಗನ್ನೂ ಕೇಳಕಿಲ್ಲ ಕಣವ್ವ ನಾವು,” ಎಂದ.

ತೆಂಗೆತಿಲೆ ಹೊಲದೊಳಕ್ಕೆ ಕಾಲಿಟ್ಟಳು.

ವೆಲಾಫಿ ಕೋಲೆತ್ತಿದ. ಅವಳು ನೇರ ಅವನ ಎದೆಗೇ ಎದುರಾಗಿ ನಡೆದಳು. ಅವನು ಹಿಂದಕ್ಕೆ ಸರಿದ. ಅವಳು ಇನ್ನೊಂದು ಹೆಜ್ಜೆ ಇಟ್ಟಳು, ಅವನು ಮತ್ತೂ ಸರಿದ.

“ಯಾಕ್ಲಾ ಓಯ್ತೀಯ? ಮುಟ್ಲಾ ನನ್ನ. ಮುಟ್ಟಿ ಆಚಿಕ್ ಹಾಕು.”

ನಾಯಕನಿಗೆ ಬಿಟ್ಟಿಯಾಗಿ ಕಳೆ ಕೀಳುತ್ತಿದ್ದ ಮೂವತ್ತು ಹೆಂಗಸರು ಗುದ್ದಲಿ ಬಿಸಾಕಿ ಚದುರಿದರು. ಅವಳು ಒಂದನ್ನು ಎತ್ತಿಕೊಂಡು, ಮೊಣಕಾಲುದ್ದದ ಜೋಳ ಸವರಿ, ಹೊಲದ ನಟ್ಟನಡುವೆ ಅಗೆಯತೊಡಗಿದಳು. ನಾಯಕನೇ ಬೇಲಿಯವರೆಗೆ ಬಂದು ಬಾಯಿಗೆ ಬಂದಂತೆ ಬೈದ. ಎಳೆದುಹಾಕಿ ಎಂದು ಆಳುಗಳಿಗೆ ಹೇಳಿದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಒಬ್ಬನನ್ನು ಪೊಲೀಸರ ಹತ್ತಿರ ಓಡಿಸಿದ.

ಅವಳನ್ನು ತಡೆಯುವವರೂ ಇರಲಿಲ್ಲ, ಅವಳಿಗೆ ಕೈಜೋಡಿಸುವವರೂ ಇರಲಿಲ್ಲ. ಹೆತ್ತ ಮಗನ ಗುಂಡಿಯನ್ನು ಹೆತ್ತವಳೇ ತೋಡುತ್ತಿದ್ದಳು, ಊರಿಗೆ ಊರೇ ನಿಂತು ನೋಡುತ್ತಿತ್ತು. ಸ್ವಂತ ನಾದಿನಿ ಬದುವಿನಲ್ಲಿ ಬಿದ್ದು ಅತ್ತಳೇ ಹೊರತು ಹತ್ತಿರ ಬರಲಿಲ್ಲ. ಚಾಲಕ ಕೋಟು ಬಿಚ್ಚಿ ಇಳಿದ. ಆಳುಗಳು ಅವನನ್ನು ಬೇಲಿಯಲ್ಲೇ ಹಿಡಿದುಕೊಂಡರು, ಅವನನ್ನು ಮುಟ್ಟಬಹುದಿತ್ತು.

ಹೊತ್ತು ಇಳಿಯುವ ಹೊತ್ತಿಗೆ ಗುಂಡಿ ತೊಡೆಮಟ್ಟ ಆಳವಾಯಿತು. ದೂರದಲ್ಲಿ ಜೀಪಿನ ಸದ್ದು ಕೇಳಿಸಿತು. ತೆಂಗೆತಿಲೆ ಗುದ್ದಲಿ ಪಕ್ಕಕ್ಕಿಟ್ಟು, ಗುಂಡಿಯೊಳಗೆ ಅಂಗಾತ ಮಲಗಿ ಅಳತೆ ನೋಡಿದಳು. ತಲೆ ಒಂದು ತುದಿಗೆ ತಾಕಿತು, ಹಿಮ್ಮಡಿ ಇನ್ನೊಂದಕ್ಕೆ. ಮಗ ಅವಳಿಗಿಂತ ಒಂದು ಗೇಣು ಉದ್ದವಿದ್ದ. ಎದ್ದು ಮತ್ತೆ ಅಗೆಯತೊಡಗಿದಳು.