ರಾಕ್ಷಸನ ಮಂಚ ಹೊತ್ತ ಚಿಕ್ಕಮ್ಮ

ನನ್ನ ಎರಡೂ ಕಣ್ಣಾಣೆ, ಇದು ನಡೆದದ್ದೇ. ಸುಳ್ಳಾದರೆ ನನ್ನ ನಾಲಿಗೆ ನಾಳೆಯಿಂದ ರಜೆ ಹಾಕಲಿ.

ಕಂಪ್ಯೂಟರ್ ಆಟ ತಯಾರಿಸುವ ಕಚೇರಿಯಲ್ಲಿ ಒಬ್ಬನಿದ್ದ. ಆಟದ ಪಾತ್ರಗಳ ಬಲ ತೂಗುವುದು ಅವನ ಕೆಲಸ. ಕತ್ತಿಯವನ ಏಟು ಜೋರಾದರೆ ಓಟ ತಗ್ಗಿಸಬೇಕು. ಮಂತ್ರವಾದಿ ಬೆಂಕಿ ಉಗುಳಿದರೆ ಅವನಿಗೆ ಬೇಗ ಸುಸ್ತು ತರಿಸಬೇಕು. ಎಲ್ಲರೂ ಅವನನ್ನು ತಕ್ಕಡಿ ಎಂದೇ ಕರೆಯುತ್ತಿದ್ದರು. ಊಟಕ್ಕೆ ಕೂತರೆ ಎಡ ದವಡೆಯಲ್ಲಿ ಎಂಟು ಸಲ, ಬಲ ದವಡೆಯಲ್ಲಿ ಎಂಟು ಸಲ ಅಗಿಯುವ ಆಸಾಮಿ.

ಅವನ ಜೀವವೆಲ್ಲ ಹಮಾಲ ಎಂಬ ಪಾತ್ರದ ಮೇಲೆ. ಕತ್ತಿಯಿಲ್ಲ, ಮಂತ್ರವಿಲ್ಲ, ಬರೀ ಹೊರುತ್ತಾನೆ. ಜನರ ಮನೆ ಸಾಮಾನು ಹೊತ್ತು ತನ್ನನ್ನು ಸಾಕಿದ ಚಿಕ್ಕಮ್ಮನನ್ನು ನೆನೆದೇ ತಕ್ಕಡಿ ಅವನನ್ನು ಮಾಡಿದ್ದ. ಆಟ ಪರೀಕ್ಷಿಸುವ ನಾಲ್ವರಲ್ಲಿ ಒಬ್ಬರೂ ಹಮಾಲನನ್ನು ಮೂಸಿ ನೋಡಲಿಲ್ಲ. ಸಂಜೆಯೊಳಗೆ ಯಾರಾದರೂ ಹಮಾಲನಾಗಿ ಗೆಲ್ಲದಿದ್ದರೆ ಪಾತ್ರವನ್ನೇ ಅಳಿಸಿಬಿಡು ಎಂದು ಯಜಮಾನ ಹೇಳಿಬಿಟ್ಟ.

ಅದೇ ಮಧ್ಯಾಹ್ನ ಕಚೇರಿಯ ಕಬ್ಬಿಣದ ಬೀರು ಮಹಡಿಗೆ ಸಾಗಿಸಲು ಚಿಕ್ಕಮ್ಮ ಬಂದಳು. ಜೊತೆಯವಳು ಹಗ್ಗ ತರುವವರೆಗೆ ಖಾಲಿ ಕುರ್ಚಿಯಲ್ಲಿ ಕೂತು, ಪರದೆಯ ಮೇಲಿದ್ದ ಹಮಾಲನನ್ನು ನೋಡಿ, ಇವನಿಗೇನು ಬರುತ್ತದೆ ಎಂದು ಕೇಳಿದಳು.

"ಗೋಡೆಗೆ ಅಂಟಿಲ್ಲದ್ದು ಏನಿದ್ರೂ ಎತ್ತುತ್ತಾನೆ, ಅಷ್ಟೇ ಚಿಕ್ಕಮ್ಮ."

"ಅಷ್ಟೇ ಅಂತೀಯಲ್ಲೋ. ಇನ್ನೇನು ಬೇಕು?"

ಕತ್ತಿಯವರು ಎಪ್ಪತ್ತು ಸಲ ನುಗ್ಗಿ ಸತ್ತಿದ್ದ, ಆಟದ ರಾಕ್ಷಸನ ಕೋಟೆಗೆ ಅವಳು ಹಮಾಲನಾಗಿ ಹಿತ್ತಲ ಬಾಗಿಲಿಂದ ಹೊಕ್ಕಳು. ನೇರ ಮಲಗುವ ಕೋಣೆ. ಗೊರಕೆ ಹೊಡೆಯುತ್ತಿದ್ದ ರಾಕ್ಷಸನನ್ನು ಮಂಚದ ಸಮೇತ ಎತ್ತಿ, ಒಂಬೈನೂರು ಮೆಟ್ಟಿಲು ಇಳಿಸಿ, ಕೋಟೆಯ ಹೊರಗಿಟ್ಟು, ಒಳಗೆ ಬಂದು ಅಗಳಿ ಹಾಕಿಕೊಂಡು ಆಟ ಗೆದ್ದಳು. ಗೊರಕೆಯ ತಾಳವೂ ತಪ್ಪಿರಲಿಲ್ಲ. ಆಟ ಪರೀಕ್ಷಿಸುವ ಆ ನಾಲ್ವರು ಎದ್ದು ನಿಂತ ರಭಸಕ್ಕೆ ಕುರ್ಚಿಗಳು ಅರ್ಧ ಗಂಟೆ ಗಿರಗಿರನೆ ತಿರುಗಿದವು.

ತಕ್ಕಡಿಗೆ ಹಿಗ್ಗೋ ಹಿಗ್ಗು. ಆದರೆ ಮರುಕ್ಷಣವೇ ನಾಲ್ವರೂ ಹಮಾಲರಾದರು; ಕತ್ತಿ, ಮಂತ್ರ ಕೇಳುವವರಿಲ್ಲ. ಈಗ ತೂಕ ಆ ಕಡೆ ವಾಲಿತು, ಇವನ ಬಲ ಅರ್ಧ ಮಾಡು, ಇಲ್ಲವೇ ಅಳಿಸು ಎಂದ ಯಜಮಾನ. ಚಿಕ್ಕಮ್ಮನ ಬೆನ್ನನ್ನು ಅರ್ಧ ಮಾಡುವುದು ಹೇಗೆ? ತಕ್ಕಡಿಯ ಬೆರಳು ಗುಂಡಿಯ ಮೇಲೆ ಇಳಿಯಲಿಲ್ಲ. ಅವಳನ್ನೇ ಕೇಳಿದ.

"ಬೆನ್ನು ಮುಟ್ಟಬೇಡ. ಮಂಚ ಹೊತ್ತೋರಿಗೆ ಎದುರುಗಡೆ ಕಾಣುತ್ತೇನೋ, ಪೆದ್ದಾ? ನನ್ನ ಜೊತೆಯವಳು ಮುಂದೆ ನಡೀತಾ ಮೆಟ್ಟಿಲು, ತಿರುವು ಅಂತ ಹೇಳ್ತಾಳೆ. ನಿನ್ನ ಆಟದಲ್ಲಿ ನಂಗೆ ದಾರಿ ಕಂಡಿದ್ದೇ ತಪ್ಪು."

ತಕ್ಕಡಿ ಹಮಾಲನ ಬಲದಲ್ಲಿ ಗುಲಗಂಜಿಯಷ್ಟೂ ಕಳೆಯಲಿಲ್ಲ. ದೊಡ್ಡ ಹೊರೆ ಎತ್ತಿದಾಗ ಎದುರಿನ ದಾರಿ ಕತ್ತಲಾಗುವಂತೆ ಮಾಡಿದ, ಅಷ್ಟೇ. ಯಜಮಾನನೇ ಹಮಾಲನಾಗಿ ಕೂತ. ಒಬ್ಬನೇ ನಡೆದು ಮೂರು ಸಲ ಗೋಡೆಗೆ ಗುದ್ದಿಕೊಂಡ. ನಾಲ್ಕನೆಯ ಸಲ ಆ ನಾಲ್ವರಲ್ಲಿ ಒಬ್ಬ ಕತ್ತಿಯವನಾಗಿ ಮುಂದೆ ನಡೆದು ದಾರಿ ಹೇಳಿದ, ಇನ್ನೊಬ್ಬ ಮಂತ್ರವಾದಿಯಾಗಿ ದೀಪ ಹಿಡಿದ, ಮಂಚ ಹೊರಗೆ ಬಂತು. ಯಜಮಾನ ಎದ್ದು ಚಿಕ್ಕಮ್ಮನಿಗೆ ಕೈಮುಗಿದು, ಹಮಾಲ ಇರಲಿ ಎಂದ.

ನೀವು ನಗುತ್ತಿದ್ದೀರಿ, ನಂಬಿಲ್ಲ. ಪರೀಕ್ಷೆ ಮಾಡಿಯೇ ನೋಡೋಣ. ನಮ್ಮ ಮನೆಯ ಮಂಚ ಮೂರನೇ ಮಹಡಿಗೆ ಹೋಗಬೇಕು. ಮುಂದೆ ನಡೆದು ದಾರಿ ಹೇಳುವ ಕಷ್ಟದ ಕೆಲಸ ನನಗಿರಲಿ. ನೀವು ಸುಮ್ಮನೆ ಹೊತ್ತುಕೊಂಡು ಬನ್ನಿ, ಸಾಕು.