ಗಾಜಿನ ಒಳಮೈಯ ಬರಹ

ನನ್ನ ಹೆಂಡತಿ ತೀರಿಕೊಂಡ ಸುದ್ದಿ ತಿಳಿದಾಗ ನನ್ನ ಕೈಯಲ್ಲಿ ಬಿಸಿ ಸೂಪಿನ ಡಬ್ಬಿ ಇತ್ತು. ಮೆಟ್ಟಿಲಿನ ತಿರುವಿಗೆ ಬಂದಾಗ ಮೇಲೆ ಬಾಗಿಲ ಹೊರಗೆ ನಾದಿನಿ ನಿಂತಿದ್ದಳು. ಪಕ್ಕದ ಬೀದಿಯಿಂದ ದಿನವೂ ಬಂದು ಅಕ್ಕನನ್ನು ನೋಡಿಕೊಳ್ಳುತ್ತಿದ್ದವಳು ಅವಳು. ಟವೆಲನ್ನು ಬಾಯಿಗೆ ಒತ್ತಿ ಹಿಡಿದಿದ್ದಳು.

“ಅಷ್ಟು ಬೇಗ ಬೇಗ ಹತ್ತಬೇಡಿ ಭಾವ,” ಎಂದಳು. “ಇನ್ನು ಅವಸರ ಇಲ್ಲ.”

ಆ ಮಾತು ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಒಳಗೆ ಹೋಗಿ ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟದ್ದು ಮಾತ್ರ ನೆನಪಿದೆ. ಅಂದು ಉಳಿದದ್ದನ್ನೆಲ್ಲ ಯಾರು ಮಾಡಿದರೋ, ಹೇಗೆ ಮಾಡಿದರೋ ನಾನರಿಯೆ.

ಸೂಪಿನ ವಿಷಯವನ್ನು ಮೊದಲು ಹೇಳಬೇಕು. ನನ್ನ ಹೆಂಡತಿ ಚಿಕ್ಕಂದಿನಲ್ಲೇ ದೇವರಿಗೆ ಒಂದು ಮಾತು ಕೊಟ್ಟಿದ್ದಳು. ಜೀವ ತೆಗೆದದ್ದನ್ನು ತಿನ್ನುವುದಿಲ್ಲ, ಮರಿಯ ಬಾಯಿಂದ ಕಸಿದ ಹಾಲು ಬೆಣ್ಣೆಯನ್ನೂ ಮುಟ್ಟುವುದಿಲ್ಲ. ಈಗಿನವರು ಇದಕ್ಕೆ ವೀಗನ್ ಎನ್ನುತ್ತಾರೆ. ಅವಳು ಇದಕ್ಕೆ ಹೆಸರಿಟ್ಟಿರಲಿಲ್ಲ, ನಡೆಸಿಕೊಂಡು ಬಂದಿದ್ದಳು ಅಷ್ಟೆ. ನಾನು ಅಂಗಡಿಗಳ ಬೋರ್ಡು ಬರೆಯುವವನು. ನಮ್ಮ ಕಸುಬಿನಲ್ಲಿ ಆಗ ಬಣ್ಣದ ಪುಡಿಯನ್ನು ಹಿಡಿಸಲು ಮೂಳೆ ಬೇಯಿಸಿ ತೆಗೆದ ಅಂಟನ್ನು ಬಳಸುತ್ತಿದ್ದೆವು. ಮದುವೆಯಾದ ಹೊಸದರಲ್ಲಿ ಅವಳು ಅದನ್ನು ಮೂಸಿ ನೋಡಿ, “ಈ ಕೈಯಲ್ಲಿ ನನ್ನ ತಟ್ಟೆ ಮುಟ್ಟಬೇಡಿ,” ಎಂದಿದ್ದಳು. ಅಂದೇ ಬಿಟ್ಟೆ. ಆಮೇಲೆ ಹಿಟ್ಟಿನ ಗೋಂದಿನಲ್ಲೇ ಬಾಳು ಸಾಗಿಸಿದೆ.

ಅವಳಿಗೆ ಬಂದದ್ದು ಹೊಟ್ಟೆಯ ಕಾಯಿಲೆ. ನಮ್ಮದು ಒಂದೇ ಕೋಣೆಯ ಮನೆ, ಮೂಲೆಯಲ್ಲಿ ಒಲೆ, ಗೋಡೆಗೆ ಒತ್ತಿ ಮಂಚ. ಒಲೆಯ ಮೇಲೆ ಬರಿಯ ಆಲೂಗಡ್ಡೆ ಬೆಂದರೂ ಅದರ ಹಬೆಗೆ ಅವಳಿಗೆ ವಾಂತಿಯಾಗುತ್ತಿತ್ತು. ಹಾಗಾಗಿ ಒಲೆ ಆರಿತು, ಹೊರಗಿನಿಂದ ತರುವುದು ಶುರುವಾಯಿತು. ಅಗಿಯಲಾಗದವಳಿಗೆ ಬಿಸಿಯಾದ, ನೀರಾದ, ವ್ರತಕ್ಕೆ ಒಪ್ಪುವ ಒಂದು ಬಟ್ಟಲು ಆಹಾರಕ್ಕಾಗಿ ಈ ಊರಿನ ಕೆಫೆಗಳನ್ನೆಲ್ಲ ನಾನು ಸುತ್ತಿದೆ.

ಒಂದು ಕಡೆ ಬಡಿಸುವವನು ತಟ್ಟೆಯಿಂದ ಮಾಂಸದ ತುಂಡುಗಳನ್ನು ಫೋರ್ಕಿನಲ್ಲಿ ಆರಿಸಿ ಬದಿಗಿಟ್ಟು, “ಈಗ ಸಸ್ಯಾಹಾರ ಆಯ್ತಲ್ಲ, ತಾತ,” ಎಂದ. ಇನ್ನೊಂದು ಕಡೆ, “ಕೋಳಿನೂ ಬೇಡ್ವಾ? ಮೀನು? ಮತ್ತೆ ನೀವು ಬದುಕಿರೋದು ಹೇಗೆ?” ಎಂದು ನಿಜವಾದ ಕಾಳಜಿಯಿಂದ ಕೇಳಿದರು. ಮತ್ತೊಂದು ಕಡೆ ತಣ್ಣನೆಯ ಎಲೆಗಳನ್ನು ಒಂದು ಡಬ್ಬಿ ತುಂಬ ಕೊಟ್ಟರು. ಬಸ್ ನಿಲ್ದಾಣದ ಹಿಂದಿನ ಚಿಕ್ಕ ಕೆಫೆಯಲ್ಲಿ ಗಂಟುಮುಖದ ಹೆಂಗಸೊಬ್ಬಳಿದ್ದಳು. “ನಮ್ಮಲ್ಲಿ ಎಲ್ಲಾ ಸೂಪಿಗೂ ಮೂಳೆ ನೀರೇ, ಅಜ್ಜ. ನಿಮಗಾಗಲ್ಲ, ಹೋಗಿ,” ಎಂದು ಕೈ ಆಡಿಸಿದಳು. ಎಂಥ ಒರಟು ಹೆಂಗಸು ಎಂದು ಬೈದುಕೊಂಡು ಬಂದೆ.

ಕೊನೆಗೆ ಸಿಕ್ಕಿದ್ದು ಬೆಣ್ಣೆಯ ಕೆಫೆ. ಎಲ್ಲರಿಗೂ ಮಾತಿನಲ್ಲೇ ಬೆಣ್ಣೆ ಹಚ್ಚುತ್ತಿದ್ದ ಕಾರಣ ಬೀದಿಯವರು ಅದರ ಮಾಲೀಕನನ್ನು ಹಾಗೇ ಕರೆಯುತ್ತಿದ್ದರು. ನಾನು ಅವಳ ವ್ರತವನ್ನು ಬಿಡಿಸಿ ಹೇಳಿದೆ. ಅವನು ಎದೆಯ ಮೇಲೆ ಕೈಯಿಟ್ಟುಕೊಂಡ.

“ನಮ್ಮ ತಾಯಾಣೆ ಯಜಮಾನ್ರೇ. ನೀರು, ತರಕಾರಿ, ಉಪ್ಪು, ಮೆಣಸು. ಬೆಣ್ಣೆ ಅನ್ನೋದು ಇಲ್ಲಿ ನನ್ನ ಹೆಸರಲ್ಲಿ ಮಾತ್ರ ಇರೋದು.”

ಅವಳು ಅದನ್ನು ಕುಡಿದಳು. ಅವಳ ಹೊಟ್ಟೆಯಲ್ಲಿ ನಿಂತದ್ದು ಅದೊಂದೇ. “ಬರೀ ತರಕಾರಿಗೆ ಇಷ್ಟು ಸಾರ ಇರುತ್ತೆ ಅಂತ ನನಗೇ ಗೊತ್ತಿರಲಿಲ್ಲ ನೋಡಿ,” ಎನ್ನುತ್ತಿದ್ದಳು. ಪ್ರತಿ ಬಟ್ಟಲಿಗೂ ಮುಂಚೆ ಕಣ್ಣು ಮುಚ್ಚಿ, ಮಾಡಿದವರ ಮನೆ ತಣ್ಣಗಿರಲಿ ಎಂದು ಬೇಡುತ್ತಿದ್ದಳು. ಹೌದು, ಅವನಿಗಾಗಿ ಬೇಡುತ್ತಿದ್ದಳು. ನಮ್ಮ ಪ್ರಾರ್ಥನಾ ಕೂಟದವರಿಗೂ ನಾನೇ ಹೇಳಿದೆ. ಅವರಲ್ಲಿ ಅವಳಂಥದೇ ವ್ರತ ಹಿಡಿದವರೆಲ್ಲ ಅಲ್ಲಿಗೆ ಹೋಗತೊಡಗಿದರು.

ಅವಳನ್ನು ಕಳಿಸಿಕೊಟ್ಟ ಮಾರನೆಯ ಬೆಳಿಗ್ಗೆ ಕಿಟಕಿಯ ಕಟ್ಟೆಯ ಮೇಲಿದ್ದ ಡಬ್ಬಿಯ ಮುಚ್ಚಳ ತೆಗೆದೆ. ಚಳಿಗಾಲ. ತೊಳೆದಿಡೋಣವೆಂದು ಬಗ್ಗಿಸಿದರೆ ಸೂಪು ಬೀಳಲಿಲ್ಲ. ಡಬ್ಬಿಯನ್ನು ಅಲುಗಾಡಿಸಿದೆ. ಒಳಗಿದ್ದದ್ದು ಇಡಿಯಾಗಿ ನಡುಗಿತು.

ತರಕಾರಿಯ ನೀರು ತಣ್ಣಗಾದರೆ ನೀರಾಗಿಯೇ ಇರುತ್ತದೆ. ಹೀಗೆ ಹೆಪ್ಪುಗಟ್ಟಿ ನಡುಗುವುದು ಯಾವುದು ಎಂಬುದು ನನ್ನ ಬೆರಳಿಗೆ ಗೊತ್ತಿತ್ತು. ಬೆರಳು ಅದ್ದಿ ಹೆಬ್ಬೆರಳಿಗೆ ಒತ್ತಿ ಬಿಡಿಸಿದೆ. ಅಂಟಿತು. ಅದೇ ಅಂಟು, ಮೆಣಸಿನ ಘಾಟಿನಡಿಯಲ್ಲಿ ಅದೇ ವಾಸನೆ. ಅವಳು ನನ್ನ ಕಸುಬಿನಿಂದಲೇ ಬಿಡಿಸಿದ್ದ ಆ ಅಂಟನ್ನು ನಾನು ದಿನವೂ ಚಮಚದಲ್ಲಿ ಅವಳ ಬಾಯಿಗೇ ಹಾಕಿದ್ದೆ. ಬಿಸಿಯಾಗಿದ್ದಾಗಲೇ ಕುಡಿಯುತ್ತಿದ್ದಳು, ಆದ್ದರಿಂದ ಅದು ಹೆಪ್ಪುಗಟ್ಟುವುದನ್ನು ನಾವು ಕಂಡಿರಲಿಲ್ಲ. ಆ ದಿನವೂ ಅವಳು ಬದುಕಿದ್ದು ಕುಡಿದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ.

ಆದರೂ ಒಬ್ಬನ ಮೇಲೆ ಸುಮ್ಮನೆ ತಪ್ಪು ಹೊರಿಸಬಾರದೆಂದು ಕೆಫೆಯ ಹಿಂದಿನ ಓಣಿಗೆ ಹೋದೆ. ಅಡುಗೆಯವಳು ಮೆಟ್ಟಿಲ ಮೇಲೆ ಕೂತು ಕ್ಯಾರೆಟ್ ಹೆರೆಯುತ್ತಿದ್ದಳು. ಅವಳ ಪಕ್ಕದಲ್ಲಿದ್ದ ಬಕೆಟ್ಟಿನಲ್ಲಿ ಬೆಂದು ಬಿಳಿಚಿದ ಮೂಳೆಗಳಿದ್ದವು. ಕೇಳುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಕೇಳಿದೆ.

“ಇರೋದೇ ಒಂದು ದೊಡ್ಡ ಪಾತ್ರೆ,” ಎಂದಳು ಅವಳು, ತಲೆಯೆತ್ತದೆ. “ಸೋಸಿ, ಒಂದಕ್ಕೆ ಮಾಂಸ ಹಾಕ್ತೀವಿ, ಒಂದಕ್ಕೆ ತರಕಾರಿ. ಸಸ್ಯಾಹಾರದವರು ತುಂಡು ನೋಡ್ತಾರೆ, ನೀರು ನೋಡಲ್ಲ ಅಂತಾರೆ ಧಣಿ. ನಾನು ಹೇಳಿದೆ ಅಂತ ಹೇಳ್ಬೇಡಿ, ಅಜ್ಜ.”

ಮನೆಗೆ ಬಂದು ನಾದಿನಿಗೆ ಎಲ್ಲವನ್ನೂ ಹೇಳಿದೆ. ಅವಳು ಡಬ್ಬಿಯನ್ನೇ ನೋಡುತ್ತ ಕೂತಳು.

“ಬೀದಿಯಲ್ಲಿ ನಿಂತು ಅವನ ಮಾನ ಹರಾಜು ಹಾಕ್ತೀನಿ,” ಎಂದೆ.

“ಯಾರ ಮಾನ ಭಾವ? ಅಕ್ಕ ಜೀವಮಾನವಿಡೀ ಕಾಪಾಡಿಕೊಂಡದ್ದು ಅದೊಂದನ್ನೇ. ಕೊನೆಗೆ ಮೂಳೆ ನೀರು ಕುಡಿದು ಹೋದಳಂತೆ ಅಂತ ಜನ ಬಾಯಿ ಚಪ್ಪರಿಸ್ಕೊಂಡು ಹೇಳಲ್ವಾ? ಆ ಬೆಣ್ಣೆನ ಏನಾದ್ರೂ ಮಾಡ್ಕೊಳ್ಳಿ. ಅಕ್ಕನ ಸುದ್ದಿ ಮಾತ್ರ ನಿಮ್ಮ ಬಾಯಿಂದ ಹೊರಗೆ ಬರಬಾರದು. ಮಾತು ಕೊಡಿ.”

ಕೊಟ್ಟೆ. ದೇವರ ಮುಂದೆ ಕೂತು ಕಣ್ಣು ಮುಚ್ಚಿದರೆ ಅವಳ ಮುಖ ಬರುತ್ತಿರಲಿಲ್ಲ, ಎದೆಯ ಮೇಲೆ ಕೈಯಿಟ್ಟುಕೊಂಡ ಅವನು ಬರುತ್ತಿದ್ದ. ನನ್ನ ಪ್ರಾರ್ಥನೆಯನ್ನೂ ಅವನು ಕೆಡಿಸಿದ್ದ.

ಆ ವಾರದ ಕೊನೆಗೆ ಬೆಣ್ಣೆ ತಾನಾಗಿಯೇ ನಮ್ಮ ಮೆಟ್ಟಿಲು ಹತ್ತಿ ಬಂದ. ಕೈಯಲ್ಲಿ ಹೂವು, ಮುಖದಲ್ಲಿ ಒಪ್ಪವಾಗಿ ಮಡಿಸಿಟ್ಟ ದುಃಖ.

“ದೇವರಂಥಾ ಅಮ್ಮ,” ಎಂದ. “ನಮ್ಮ ಸೂಪೇ ಅವರ ಕೊನೇ ತುತ್ತು. ಅದು ನನ್ನ ಪುಣ್ಯ ಯಜಮಾನ್ರೇ.”

ನಾದಿನಿ ಎದ್ದು ಕಿಟಕಿಯ ಕಡೆ ತಿರುಗಿ ನಿಂತಳು.

“ಹೇಳೋಕೆ ಸಂಕೋಚ ಆಗುತ್ತೆ. ನಿಮ್ಮ ಕೂಟದವರು ಈಗ ದಿನಾ ಬರ್ತಿದಾರೆ. ಮುಂದಿನ ಗಾಜಿನ ಮೇಲೆ, ಇಲ್ಲಿ ಶುದ್ಧ ಸಸ್ಯಾಹಾರಿ, ವೀಗನ್ ಸೂಪು ಸಿಗುತ್ತೆ ಅಂತ ದೊಡ್ಡದಾಗಿ ಬರೆಸೋಣ ಅಂತಿದೀನಿ. ನಿಮ್ಮ ಕೈಯಷ್ಟು ಚಂದದ ಕೈ ಈ ಊರಲ್ಲಿ ಯಾರಿಗಿದೆ? ಅಮ್ಮನ ನೆನಪಿಗೆ ಅಂದುಕೊಂಡೇ ಬರೀರಿ.”

“ಬರೀತೀನಿ,” ಎಂದೆ. “ಅವಳ ನೆನಪಿಗೇ ಬರೀತೀನಿ.”

ಅಂಗಡಿಯ ಗಾಜಿನ ಮೇಲೆ ಬರೆಯುವುದಕ್ಕೆ ಒಂದು ಕ್ರಮವಿದೆ. ಹೊರಗಡೆ ಬರೆದರೆ ಬಿಸಿಲು ಮಳೆಗೆ ಅಕ್ಷರ ಏಳುತ್ತದೆ. ಆದ್ದರಿಂದ ಒಳಗೆ ನಿಂತು, ಗಾಜಿನ ಒಳಮೈಯಲ್ಲಿ, ಅಕ್ಷರಗಳನ್ನು ತಿರುವುಮುರುವಾಗಿ ಬರೆಯುತ್ತೇವೆ. ಬೀದಿಯಿಂದ ನೋಡುವವರಿಗೆ ಅದು ನೆಟ್ಟಗೆ ಕಾಣುತ್ತದೆ. ಒಳಗಿರುವವರಿಗೆ ಅದು ಬರಿಯ ಬಳ್ಳಿ, ಸುರುಳಿ. ಅಭ್ಯಾಸವಿಲ್ಲದವರು ಎಷ್ಟು ನೋಡಿದರೂ ಓದಲಾರರು.

ಬೆಳಿಗ್ಗೆ ಕುಂಚದ ಪೆಟ್ಟಿಗೆ ಹಿಡಿದು ಹೋದೆ. ಹೊರಗಡೆ ಗಾಜಿಗೆ, ಧೂಳು ಕೂರದಿರಲೆಂದು ಹೇಳಿ, ಕಾಗದ ಅಂಟಿಸಿದೆ. ಒಳಗೆ ಸ್ಟೂಲಿನ ಮೇಲೆ ಕೂತು ಶುರುಮಾಡಿದೆ. ಕಪ್ಪು ಅಕ್ಷರ, ಹಳದಿ ಅಂಚು. ಬಣ್ಣ ಗಟ್ಟಿಯಾಗಿ ಹಿಡಿಯುವಂತೆ ಕಲಸಿದ್ದೆ. ಬೆಣ್ಣೆ ನನ್ನ ಹಿಂದೆಯೇ ನಿಂತು ನೋಡಿದ.

“ಆಹಾ, ಕೊಂಬು ಎಳೆಯೋದು ನೋಡಿ! ಮುತ್ತು ಪೋಣಿಸಿದ ಹಾಗಿದೆ. ಇದೇ ಅಲ್ವಾ ‘ಶುದ್ಧ’?”

“ಅದರ ಹತ್ತಿರದ್ದೇ,” ಎಂದೆ.

ತಾನೇ ಚಹಾ ತಂದುಕೊಟ್ಟ. ಕೆಳಗಿಟ್ಟು ಆರಲು ಬಿಟ್ಟೆ. ಮಧ್ಯಾಹ್ನದ ಊಟಕ್ಕೆ ಜನ ಸೇರುವ ಹೊತ್ತಿಗೆ ಕೆಲಸ ಮುಗಿಯಿತು. ಹೊರಗೆ ಹೋಗಿ ಕಾಗದ ಕಿತ್ತೆ. ಬರೆದದ್ದು ಇಷ್ಟು: ‘ಇಲ್ಲಿಯ ತರಕಾರಿ ಸೂಪು ಮೂಳೆ ಬೇಯಿಸಿದ ನೀರಿನಲ್ಲಿ ಮಾಡಿದ್ದು. ವ್ರತವುಳ್ಳವರು ತಿಳಿದು ಕುಡಿಯಿರಿ.’

ಮತ್ತೆ ಒಳಗೆ ಬಂದು ಮೂಲೆಯ ಮೇಜಿನಲ್ಲಿ ಕೂತೆ. ಅಷ್ಟು ಚೆನ್ನಾದ ಜಾಗದಲ್ಲಿ ಕೂತು ನಾನು ಯಾವ ನಾಟಕವನ್ನೂ ನೋಡಿಲ್ಲ. ಜನ ಬಾಗಿಲ ತನಕ ಬರುತ್ತಿದ್ದರು, ಗಾಜಿನ ಮುಂದೆ ನಿಲ್ಲುತ್ತಿದ್ದರು, ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು, ಹೋಗುತ್ತಿದ್ದರು. ಬೆಣ್ಣೆ ಗಲ್ಲಾದ ಹಿಂದಿನಿಂದ ಹಲ್ಲು ಕಿರಿದು ಎಲ್ಲರಿಗೂ ಕೈ ಬೀಸುತ್ತಿದ್ದ.

“ನಿಮ್ಮ ಅಕ್ಷರ ನೋಡೋಕೇ ಜನ ನಿಲ್ತಿದಾರೆ ಯಜಮಾನ್ರೇ! ಅಲ್ಲ, ಒಳಗ್ಯಾಕೆ ಯಾರೂ ಬರ್ತಿಲ್ಲ?”

“ಓದಿ ಮುಗೀಲಿ,” ಎಂದೆ.

ಆಗ ನಮ್ಮ ಕೂಟದ ದರ್ಜಿಯಮ್ಮ ಸೂಪಿಗೆಂದು ಪಾತ್ರೆ ಹಿಡಿದು ಬಂದಳು. ಅವಳಿಗೆ ಕಣ್ಣು ಮಂದ, ಗಂಟಲು ಜೋರು. ಗಾಜಿಗೆ ಮೂಗು ತಾಗಿಸಿ ಒಂದೊಂದೇ ಪದವನ್ನು ಬೀದಿಗೆಲ್ಲ ಕೇಳುವಂತೆ ಓದಿದಳು. ‘ಮೂಳೆ’ ಎಂಬ ಪದಕ್ಕೆ ಬೆಣ್ಣೆಯ ನಗು ನಿಂತಿತು. ಹೊರಗೆ ಓಡಿದ, ಓದಿದ, ಒಳಗೆ ಬಂದು ಉಗುರಿನಿಂದ ಗಾಜು ಕೆರೆದ. ಬಣ್ಣ ಒಣಗಿತ್ತು.

“ಸುಳ್ಳು! ಮುದುಕನಿಗೆ ತಲೆ ಕೆಟ್ಟಿದೆ!” ಎಂದು ಬಾಗಿಲಲ್ಲಿ ನೆರೆದವರಿಗೆ ಕೂಗಿದ.

ನಾನು ಎದ್ದು ಕುಂಚದ ಪೆಟ್ಟಿಗೆ ತೆರೆದೆ. ಅದರಲ್ಲಿ ನಮ್ಮ ಡಬ್ಬಿ ಇತ್ತು. ಹಿಂದಿನ ದಿನ ಅವನ ಕೈಯಿಂದಲೇ ತರಕಾರಿ ಸೂಪು ತುಂಬಿಸಿಕೊಂಡು ಹೋಗಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದೆ. ಮುಚ್ಚಳ ತೆಗೆದು ಗಲ್ಲಾದ ಮೇಲೆ ಬೋರಲು ಹಾಕಿ ತಟ್ಟಿದೆ. ಸೂಪು ಡಬ್ಬಿಯ ಆಕಾರದಲ್ಲೇ ಇಳಿದು ನಿಂತಿತು. ಕ್ಯಾರೆಟ್ಟು, ಬಟಾಣಿಗಳು ಅದರೊಳಗೆ ಸಿಕ್ಕಿಕೊಂಡಿದ್ದವು. ನೆತ್ತಿಯಿಂದ ಬುಡದ ತನಕ ನಡುಗುತ್ತಿತ್ತು.

“ತರಕಾರಿ ಯಾವಾಗಿಂದ ಹೀಗೆ ನಡುಗೋಕೆ ಶುರುಮಾಡ್ತು?” ಎಂದ ಬಾಗಿಲಲ್ಲಿದ್ದ ಪೋಸ್ಟಿನವನು.

“ಅದಕ್ಕಾದ್ರೂ ದೇವರ ಭಯ ಇದೆಯಲ್ಲ,” ಎಂದಳು ದರ್ಜಿಯಮ್ಮ. “ಪಾತ್ರೆ ಹೊರಗೆ ತಂದು ತೋರಿಸಪ್ಪ ಬೆಣ್ಣೆ. ನಾನು ಎಷ್ಟು ದಿನದಿಂದ ಕುಡೀತಿದೀನಿ, ನನಗಾದ್ರೂ ಗೊತ್ತಾಗಲಿ.”

ಅವನು ಪಾತ್ರೆ ತರಲಿಲ್ಲ. ನನ್ನ ಹತ್ತಿರ ಬಂದ. ಆ ಬೆಣ್ಣೆಯ ದನಿಯಲ್ಲೇ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದ:

“ಸರಿ ಯಜಮಾನ್ರೇ. ಮೂಳೆ ನೀರೇ ಅನ್ನಿ. ಹಾಗಾದ್ರೆ ನಿಮ್ಮ ಹೆಂಡ್ತಿ ಕುಡಿದದ್ದೇನು? ಬಟ್ಟಲು ನೆಕ್ಕಿ ಕಳಿಸ್ತಿದ್ರಲ್ಲ! ವ್ರತ ಕೆಟ್ಟೇ ಸತ್ತರು ಅಂತ ನಿಮ್ಮ ಬಾಯಲ್ಲೇ ಹೇಳಿ, ನೋಡೋಣ. ಹೇಳಿ!”

ಎಲ್ಲರೂ ನನ್ನನ್ನು ನೋಡಿದರು. ನಾನು ಖಾಲಿ ಡಬ್ಬಿಗೆ ಮುಚ್ಚಳ ಹಾಕಿದೆ. ಮಾತು ಕೊಟ್ಟಿದ್ದೆ. ನನ್ನ ಗಾಯ ಎಲ್ಲಿದೆಯೆಂದು ಅವನಿಗೆ ಗೊತ್ತಿತ್ತು, ಅಲ್ಲಿಗೇ ಕೈ ಹಾಕಿದ್ದ. ಅವನ ಮುಖದಲ್ಲಿ ನಗು ಮೆಲ್ಲನೆ ಮರಳಿ ಬರುತ್ತಿತ್ತು.

“ನಾನು ಹೇಳ್ತೀನಿ.”

ಜನರ ಹಿಂದಿನಿಂದ ನಾದಿನಿ ಬಂದಳು. ನಾನು ಪೆಟ್ಟಿಗೆಯೊಳಗೆ ಡಬ್ಬಿ ಇಟ್ಟುಕೊಂಡಾಗಲೇ ಅವಳಿಗೆ ಸಂಶಯ ಬಂದಿರಬೇಕು.

“ಹೌದಯ್ಯಾ, ನಮ್ಮಕ್ಕ ಕುಡಿದಳು,” ಎಂದಳು. “ದಿನಾ ಕುಡಿದಳು. ಕುಡಿಯೋಕೆ ಮುಂಚೆ ನಿನ್ನ ಮನೆ ತಣ್ಣಗಿರಲಿ ಅಂತ ಕೈ ಮುಗಿದಳು. ನಿನ್ನ ತಾಯಾಣೆ ನಂಬಿ ಕುಡಿದಳು. ಅವಳ ವ್ರತ ಕೆಟ್ಟಿಲ್ಲ. ಕೆಟ್ಟಿರೋದು ನಿನ್ನ ತಾಯಿ ಹೆಸರು.”

ಒಳಗೆ ಊಟ ಮಾಡುತ್ತಿದ್ದ ಇಬ್ಬರು ಚಮಚ ಇಟ್ಟು ಎದ್ದರು. ಅವರ ತಟ್ಟೆಯಲ್ಲಿದ್ದದ್ದು ಮಾಂಸವೇ. ಆದರೂ ಎದ್ದರು. ದರ್ಜಿಯಮ್ಮ ತನ್ನ ಖಾಲಿ ಪಾತ್ರೆಯನ್ನು ಗಲ್ಲಾದ ಮೇಲೆ ಠಣ್ಣೆಂದು ಬೋರಲಿಟ್ಟು ಹೊರಟಳು.

ಬೆಣ್ಣೆ ಬ್ಲೇಡಿನಿಂದ ಗಾಜು ಕೆರೆಸಿದ. ಅಕ್ಷರ ಹೋಯಿತು, ಕೆರೆದ ಗೆರೆಗಳು ಉಳಿದವು. ಬಿಸಿಲು ಓರೆಯಾಗಿ ಬಿದ್ದಾಗ ‘ಮೂಳೆ’ ಇವತ್ತಿಗೂ ಓದಲು ಬರುತ್ತದೆ. ಮೊದಲು ವ್ರತದವರು ಬಿಟ್ಟರು, ಆಮೇಲೆ ಉಳಿದವರು. ತರಕಾರಿಯ ವಿಷಯದಲ್ಲಿ ಸುಳ್ಳು ಹೇಳುವವನು ಮಾಂಸದ ವಿಷಯದಲ್ಲಿ ಮಾತ್ರ ನಿಜ ಹೇಳುತ್ತಾನೆಯೇ ಎಂದು ಅವರಿಗೂ ಅನ್ನಿಸಿತು. ನಾನು ದಿನವೂ ಎದುರು ಬದಿಯ ಬೆಂಚಿನ ಮೇಲೆ ಕೂತು ಖಾಲಿ ಮೇಜುಗಳನ್ನು ನೋಡುತ್ತೇನೆ. ಸಂತೋಷವಾಗುತ್ತದೆ. ಇಲ್ಲವೆಂದರೆ ದೇವರ ಮುಂದೆ ಸುಳ್ಳಾಡಿದಂತೆ. ಅಂದು ನಿಜ ಹೇಳಿ ಕಳಿಸಿದ್ದ ಬಸ್ ನಿಲ್ದಾಣದ ಹಿಂದಿನ ಗಂಟುಮುಖದವಳಿಗೆ ಹೋಗಿ ಒಂದು ಹೊಸ ಬೋರ್ಡು ಬರೆದುಕೊಟ್ಟೆ. “ಯಾಕೆ, ಅಜ್ಜ?” ಎಂದು ಗದರಿದಳು. ಅವಳೀಗ ನಮ್ಮ ಕೂಟದವರಿಗಾಗಿ ಬೇರೆ ಪಾತ್ರೆ ಇಟ್ಟಿದ್ದಾಳೆ. ಆದರೂ ನಮ್ಮ ಜನ ಸೂಪನ್ನು ಮೊದಲು ಕಿಟಕಿಯಲ್ಲಿಟ್ಟು ತಣ್ಣಗಾಗಿಸಿ, ಅಲುಗಾಡಿಸಿ ನೋಡಿಯೇ ಕುಡಿಯುತ್ತಾರೆ.

ಇವತ್ತು ಮನೆಯ ಒಲೆ ಹಚ್ಚಿದೆ. ಹಬೆಗೆ ಕಷ್ಟಪಡುವವರು ಈಗ ಇಲ್ಲ. ನೀರು, ತರಕಾರಿ, ಉಪ್ಪು, ಮೆಣಸು. ರುಚಿ ಏನೂ ಇಲ್ಲ. ಒಂದು ಬಟ್ಟಲನ್ನು ಅವಳ ಮಂಚದ ಬದಿಗೆ ಇಟ್ಟು, ತಣ್ಣಗಾಗುವ ತನಕ ಕಾದೆ. ನೀರು ನೀರಾಗಿಯೇ ಉಳಿಯಿತು. ಆಗ ಕಣ್ಣು ಮುಚ್ಚಿದೆ. ಬಹಳ ದಿನಗಳ ಮೇಲೆ ಅವಳ ಮುಖ ಬಂತು.

ಭಗವಂತಾ, ಅವನನ್ನು ಕ್ಷಮಿಸು ಎಂದು ಕೇಳಲು ನನ್ನಿಂದಾಗದು. ಅದು ನಿನಗೆ ಬಿಟ್ಟದ್ದು. ಆ ಸೂಪಿನಲ್ಲಿ ಪಾಪವಿದ್ದರೆ ಬೇಯಿಸಿದವನಿಗೆ ಅವನ ಪಾಲು ಕೊಡು, ಹೊತ್ತು ತಂದ ನನಗೆ ನನ್ನ ಪಾಲು ಕೊಡು. ಅವಳಿಗೆ ಒಂದು ತೊಟ್ಟೂ ತಾಗಿಸಬೇಡ. ಅವಳು ಕೊಟ್ಟ ಮಾತನ್ನು ನಿನ್ನ ತನಕ ಇಡಿಯಾಗಿ ತಂದಿದ್ದಾಳೆ. ಹಸಿದು ಬಂದಿದ್ದಾಳೆ, ಅವಳಿಗೆ ಒಪ್ಪುವಂಥದ್ದನ್ನೇ ಬಡಿಸು. ಅವಳು ನೆಮ್ಮದಿಯಾಗಿ ಮಲಗಲಿ.