ಮುಸಿಯನ ಕಡೆಯ ಸ್ನಾನ

ಮಂಗ ಸತ್ತರೆ ಮುಟ್ಟಬೇಡಿ, ಫೋನು ಮಾಡಿ ಎಂದು ಮಂಕಿ ಊರಿನ ಬಸ್ ಸ್ಟಾಪಿನಿಂದ ಹಿಡಿದು ಕಾಡಂಚಿನ ಪುಟ್ಟ ಕೇರಿಯಾದ ಕೊಪ್ಪದ ಚಹಾ ಅಂಗಡಿಯ ತನಕ ಚೀಟಿ ಅಂಟಿಸಿದ್ದರು. ದುರ್ಗ ಗೌಡ ಓದು ಬಾರದವನೇನಲ್ಲ, ಏಳನೇ ಇಯತ್ತೆ ಪಾಸಾದವ. ಆದರೆ ಓದಿದ್ದೆಲ್ಲ ತಲೆಗೆ ಇಳಿಯಬೇಕೆಂದು ಯಾವ ಶಾಸ್ತ್ರದಲ್ಲಿದೆ ಹೇಳಿ? ಅವನು ದಿನಾ ಆ ಚೀಟಿಗೆ ಬೆನ್ನು ಕೊಟ್ಟು ಕೂತು ಎಲೆಯಡಿಕೆಯ ಕವಳ ಹಾಕುತ್ತಿದ್ದ.

ಪುಷ್ಯ ಮಾಸದ ಒಂದು ಬೆಳಿಗ್ಗೆ ಅವನ ಹರಿವೆ ಪಾತಿಯ ಪಕ್ಕದ ಗೇರುಮರದಡಿ ಮುಸಿಯ ಎಂಬ ಕರಿಮೂತಿಯ ಮಂಗವೊಂದು ಸತ್ತು ಬಿದ್ದಿತ್ತು. ಮೊದಲು ಕಂಡವಳು ಹೆಂಡತಿ ನಾಗಮ್ಮ. ಪಾತಿಗೆ ನೀರು ಹನಿಸಲು ಹೋದವಳು ಕೊಡವನ್ನು ಅಲ್ಲೇ ಬಿಟ್ಟು ಓಡಿ ಬಂದಳು.

"ಹೋಯ್, ಹನುಮಂತ ದೇವ್ರು ನಮ್ ಗದ್ದೆಗೇ ಬಂದು ಜೀವ ಬಿಟ್ಟಾನೆ!"

ದುರ್ಗ ಆ ಕೊಪ್ಪದ ಬುಧವಂತ, ಅಂದರೆ ಹಿರಿತನ ನಡೆಸುವವ. ಮದುವೆಯ ಮಾತುಕತೆ ಇರಲಿ, ಸತ್ತವರ ಸಂಸ್ಕಾರ ಇರಲಿ, ಬೇಲಿ ಜಗಳ ಇರಲಿ, ಅವನಿಲ್ಲದೆ ನಡೆಯುತ್ತಿರಲಿಲ್ಲ. ಮುಸಿಯ ಸತ್ತರೂ ಮನುಷ್ಯ ಸತ್ತ ಹಾಗೆಯೇ ಎಂಬುದು ಅವರ ಕೊಪ್ಪದ ರೂಢಿ. ಬುಧವಂತನ ಮನೆಯ ಹೆಂಗಸು ಅದನ್ನು ಅರಿಶಿನ ನೀರಿನಲ್ಲಿ ಮೀಯಿಸಬೇಕು, ಹೊಸ ಬಟ್ಟೆ ಸುತ್ತಬೇಕು, ಹಾಡು ಹೇಳಬೇಕು. ಕಾಯಿ ಒಡೆಯುವವನು ಬುಧವಂತ. ಹಾಗಾಗಿ ಅವನು ಮಾತ್ರ ಹೆಣ ಮುಟ್ಟುವ ಹಾಗಿಲ್ಲ, ದೂರ ನಿಲ್ಲಬೇಕು.

ಮಗಳು ವಿನುತಾ ಹೊನ್ನಾವರದ ಕಾಲೇಜಿಗೆ ಹೊರಟವಳು ಚೀಲ ಕೆಳಗಿಟ್ಟಳು. "ಅಪ್ಪಾ, ಮುಟ್ಟೂದ್ ಬ್ಯಾಡ. ಅದ್ರ ಮೈಮೇಲಿನ ಉಣುಗು ಇಳ್ದು ನಮ್ಗೆ ಕಚ್ತದೆ. ಮಂಗನ ಕಾಯ್ಲೆ ಬತ್ತದೆ. ನಾ ಫೋನ್ ಮಾಡ್ತೆ."

"ಫೋನ್ ಮಾಡ್ರೆ ಎಂತ ಆಗ್ತದೆ ಗೊತ್ತದ್ಯಾ? ಅವ್ರು ಬಂದು ನಿಂತಲ್ಲೇ ಸುಟ್ಟು ಹೋತ್ರು. ದೇವ್ರನ್ನ ಕಸ ಸುಟ್ಟಾಂಗೆ ಸುಡೂದಾ?"

"ಸುಡ್ಲಿ! ನಾಳೆ ನಮ್ಮನೇಲಿ ಒಬ್ರು ಸತ್ರೆ?"

"ಥೂ, ಎಂಥಾ ಬಾಯೇ ನಿಂದು! ಹೆಣದ ಎದ್ರಿಗೆ ಅಪಶಕುನ ನುಡಿಬ್ಯಾಡ. ಬಸ್ಸಿಗೆ ಹೊತ್ತಾತು, ನಡಿ."

ಇಬ್ಬರ ನಡುವೆ ನಾಗಮ್ಮ ನಕ್ಕಳು. "ಹೋಗು ಮಗಾ. ನಾ ಬೇಗ ಮುಗ್ಸಿ ಸೋಪು ಹಚ್ಚಿ ಕೈ ತೊಳ್ಕಂತೆ, ಆತಾ?"

ಬೇಗ ಮುಗಿಸುತ್ತಾಳಂತೆ! ನಾಗಮ್ಮನಿಗೆ ಯಾವ ಕೆಲಸವನ್ನೂ ಅರೆಮನಸ್ಸಿನಿಂದ ಮಾಡಿ ಗೊತ್ತಿರಲಿಲ್ಲ. ನೆಲದಲ್ಲಿ ಕಾಲು ಚಾಚಿ ಕೂತು ಮುಸಿಯನ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಕಿವಿಯ ಹಿಂದೆ, ಕಂಕುಳಲ್ಲಿ ಕಚ್ಚಿ ಕೂತಿದ್ದ ಉಣುಗುಗಳನ್ನು ಮಗಳ ತಲೆಯ ಹೇನು ತೆಗೆದ ಹಾಗೆ ಉಗುರಿನಿಂದ ಕಿತ್ತು ಕಿತ್ತು ಎಸೆದಳು. "ಪಾಪ, ಎಷ್ಟು ಕಚ್ಚಿದ್ವೋ ನಿಂಗೆ" ಎಂದಳು. ಶಿವರಾತ್ರಿಗೆಂದು ತೆಗೆದಿಟ್ಟ ಹೊಸ ಸೀರೆಯನ್ನೇ ತಂದು ಸುತ್ತಿದಳು. ಆಮೇಲೆ ಕಣ್ಣು ಮುಚ್ಚಿ ಹಾಡಿದಳು:

ಮರದ ಮೇಲಿನ ಮಗನೇ ಇಳ್ದ್ಯಾಕೆ ಬಂದೆ
ತಣ್ಣನೆ ನೆಲದಲ್ಲಿ ತಲೆಗಿಂಬು ಎಲ್ಲಿ
ಮಡಿಲೇ ತಲೆಗಿಂಬು ಮಲಗೋ ನನ್ನ ಕಂದಾ

ತೆಂಗಿನಕಾಯಿ ಹಿಡಿದು ದೂರ ನಿಂತಿದ್ದ ದುರ್ಗನ ಕಣ್ಣಲ್ಲಿ ನೀರು ಬಂತು. ಇಂಥ ಹೆಂಗಸು ನನ್ನ ಮನೆಯಲ್ಲಿದ್ದಾಳಲ್ಲ ಎಂದು ಅವನಿಗೆ ಹೆಮ್ಮೆಯೂ ಆಯಿತು.

ವಾರ ಕಳೆಯಿತು ಅನ್ನುವಾಗ ನಾಗಮ್ಮನಿಗೆ ಜ್ವರ ಬಂತು. ಮೈಯೆಲ್ಲ ಒನಕೆಯಲ್ಲಿ ಕುಟ್ಟಿದ ಹಾಗೆ ನೋವು, ಕಣ್ಣು ಕೆಂಪು. ಹೊನ್ನಾವರದ ಆಸ್ಪತ್ರೆಯಲ್ಲಿ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಮಂಗನ ಕಾಯಿಲೆಯೇ ಎಂದಾಯಿತು. ಹಿಂದೆ ಈ ಕಾಯಿಲೆಯ ಸೂಜಿ ಹಾಕಿಸಿಕೊಂಡಿದ್ದಿರಾ ಎಂದು ಅಲ್ಲಿಯ ನರ್ಸು ಕೇಳಿದಾಗ ಗಂಡಹೆಂಡತಿ ಮುಖ ಮುಖ ನೋಡಿಕೊಂಡರು.

ಹಿಂದೆ ಆ ಲಸಿಕೆ ಕೊಪ್ಪಕ್ಕೂ ಬರುತ್ತಿತ್ತು. ಒಂದು ಸಲ ಹಾಕಿಸಿಕೊಂಡರೆ ಸಾಲದು, ಮತ್ತೆ ಮತ್ತೆ ಹಾಕಿಸಬೇಕು. ಮೊದಲ ಸೂಜಿಗೇ ನಾಗಮ್ಮನ ತೋಳು ಊದಿ, ಕೊಯ್ಲಿನ ಹೊತ್ತಿಗೆ ಕತ್ತಿ ಹಿಡಿಯಲಾಗದೆ ಕೂತಿದ್ದಳು. ಮುಂದಿನ ಸಲ ನರ್ಸು ಬಂದಾಗ ಕೊಟ್ಟಿಗೆಯ ಅಟ್ಟ ಹತ್ತಿ ಹುಲ್ಲಿನಲ್ಲಿ ಅಡಗಿದಳು. "ಅದು ಮಿರ್ಜಾನಕ್ಕೆ ತೌರಿಗೆ ಹೋಗ್ಯದೆ" ಎಂದು ದುರ್ಗ ಮುಖ ಗಂಟಿಕ್ಕಿಕೊಂಡೇ ಹೇಳಿ ಕಳಿಸಿದ. ಅಟ್ಟದ ಮೇಲಿಂದ ನಾಗಮ್ಮನ ನಗು ಉಕ್ಕಿ ಹುಲ್ಲು ಅಲುಗುತ್ತಿತ್ತು. ಎಷ್ಟೋ ವರ್ಷ ಆ ಕತೆ ಹೇಳಿಕೊಂಡು ಇಬ್ಬರೂ ನಗುತ್ತಿದ್ದರು. ಆಮೇಲೆ ಆ ಲಸಿಕೆಯಿಂದ ಸಾಕಷ್ಟು ರಕ್ಷಣೆ ಸಿಗುತ್ತಿಲ್ಲವೆಂದು ಸರ್ಕಾರವೇ ನಿಲ್ಲಿಸಿತು. ಹೊಸದು ಇನ್ನೂ ಬರಬೇಕು.

ಜ್ವರವೇನೋ ಇಳಿಯಿತು. ನಾಗಮ್ಮ ಮನೆಗೆ ಬಂದಳು, ಗಂಜಿ ಕುಡಿದಳು, ಬೇಡ ಬೇಡವೆಂದರೂ ಹರಿವೆಗೆ ನೀರು ಹನಿಸಿದಳು. ದುರ್ಗ ಹನುಮಂತನಿಗೆ ಕಾಯಿ ಒಡೆಸಿ, "ಕಂಡ್ಯಾ, ದೇವ್ರು ಕೈ ಬಿಡ್ಲಿಲ್ಲ" ಎಂದು ಮಗಳ ಮುಂದೆ ಎದೆ ಉಬ್ಬಿಸಿದ. ಅಯ್ಯೋ, ಅದು ಆ ಕಾಯಿಲೆಯ ಕಳ್ಳಬುದ್ಧಿ. ಕೆಲವರಲ್ಲಿ ಹೋದಂತೆ ಮಾಡಿ ತಿರುಗಿ ಬರುತ್ತದೆ. ಎರಡನೇ ಸಲ ಬಂದಾಗ ಅದು ನಾಗಮ್ಮನ ತಲೆಗೇ ಏರಿತು. ಕೈ ನಡುಗಿತು, ಮಾತು ತೊದಲಿತು, ಗಂಡನನ್ನೇ ಯಾರೆಂದು ಕೇಳಿದಳು.

ದೊಡ್ಡಾಸ್ಪತ್ರೆಗೆ ಒಯ್ಯಿರಿ ಎಂದರು. ಆಂಬುಲೆನ್ಸಿನಲ್ಲಿ ಅವಳ ಕೈ ಮಡಿಲ ಮೇಲೆ ಏನನ್ನೋ ತಡಕಾಡುತ್ತಿತ್ತು. ತುಟಿ ಮಾತ್ರ ಅಲುಗುತ್ತಿತ್ತು. ಕಿವಿಯಿಟ್ಟು ಕೇಳಿದರೆ ಅದೇ ಹಾಡು. ಏನು ಹುಡುಕುತ್ತಿದ್ದಾಳೆಂದು ವಿನುತಾಗೆ ಅರ್ಥವಾಗಿ, ಬಗ್ಗಿ ತನ್ನ ತಲೆಯನ್ನೇ ಅವ್ವಿಯ ಮಡಿಲಲ್ಲಿಟ್ಟಳು. ಕೈ ಸುಮ್ಮನಾಯಿತು. ಭಟ್ಕಳ ದಾಟಿ ಜಿಲ್ಲೆಯ ಗಡಿ ಕಾಣುವ ಮೊದಲೇ ಉಸಿರೂ ನಿಂತಿತು.

ಸತ್ತವಳ ಹನ್ನೆರಡನೆಯ ದಿನದ ಊಟ ಮುಗಿಯುವಷ್ಟರಲ್ಲಿ ಕೊಪ್ಪದಲ್ಲಿ ಪಿಸುಮಾತು ಹುಟ್ಟಿತು. ಎಲ್ಲರಿಗಿಂತ ಹಿರಿಯ ಹಮ್ಮಜ್ಜ ಜಗಲಿಯಲ್ಲಿ ಕೂತು ಹೇಳಿಯೇಬಿಟ್ಟ: "ನಾಗಮ್ಮ ಮಾಡದ್ರಲ್ಲಿ ಎಂತದೂ ಕಡ್ಮೆ ಆಗ್ಲಿಲ್ಲ. ಹುಡ್ಗಿ ಬಾಯಿಂದ ಬಂತಲ್ಲ, ಮನೇಲಿ ಒಬ್ರು ಸಾಯ್ತ್ರು ಅಂತ. ದೇವ್ರು ಕೇಳ್ಸ್ಕಂಡ."

ಅದನ್ನು ವಿನುತಾ ಒಳಗಿನಿಂದ ಕೇಳಿದಳು. ದುರ್ಗನೂ ಕೇಳಿದ. ಬುಧವಂತನಾದವನು ಬಾಯಿ ತೆರೆಯಬೇಕಿತ್ತು, ತೆರೆಯಲಿಲ್ಲ. ದುಃಖದಲ್ಲಿ ಅವನಿಗೂ ಯಾರ ಮೇಲಾದರೂ ತಪ್ಪು ಹೊರಿಸಬೇಕಾಗಿತ್ತೇನೋ! ಅಂದಿನಿಂದ ಹುಡುಗಿ ಕಾಲೇಜು ಬಿಟ್ಟಳು. ಅವ್ವಿಯ ಕೊಡ ಹೊತ್ತಳು, ಪಾತಿಗೆ ನೀರು ಹನಿಸಿದಳು, ಮಾತು ಮಾತ್ರ ಆಡಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಪ್ರಣಿತಾ ಎಂಬ ಸಂಶೋಧಕಿ ಬಂದಳು. ಕಾಡಂಚಿನ ಒಣಗಿದ ಎಲೆಗಳ ಮೇಲೆ ಬಿಳಿ ಬಟ್ಟೆ ಎಳೆದು, ಅದಕ್ಕೆ ಹತ್ತಿದ ಉಣುಗುಗಳನ್ನು ಚಿಮಟದಲ್ಲಿ ಹೆಕ್ಕಿ ಸೀಸೆಗೆ ಹಾಕುವುದು ಅವಳ ಕೆಲಸ. ನೋಡುತ್ತ ನಿಂತ ದುರ್ಗನಿಗೆ ತನ್ನ ಪ್ರಾಯದ ದಿನಗಳು ನೆನಪಾದವು.

"ಡಾಕ್ಟ್ರಮ್ಮ, ನಾನೂ ಈ ಬಟ್ಟೆ ಎಳ್ದಾಂವ. ಜೀಪಿನಲ್ಲಿ ಬಂದವ್ರ ಸಂಗ್ತಿಗೆ ಘಟ್ಟದ ಮೇಲೆಲ್ಲ ತಿರ್ಗಿದ್ದೆ. ಉಣುಗು ಎಷ್ಟು ಕಚ್ಚಿದ್ವೋ! ಒಂದ್ಸಲ ಜ್ವರ ಬಂದು ಮಲ್ಗಿದ್ದೆ, ಎದ್ದೆ. ಕೂಲಿ ಕೆಲ್ಸ ಅಲ್ದಾ?"

ಅವಳು ಕೊಪ್ಪದ ಎಲ್ಲರ ರಕ್ತ ತೆಗೆದುಕೊಂಡು ಹೋದಳು. ಮತ್ತೆ ಬಂದಾಗ ದುರ್ಗನ ಜಗಲಿಯಲ್ಲಿ ಕೂತು ಅವನ ತೋಳಿನ ಹಳೆಯ ಗುಂಡು ಕಲೆಯನ್ನು ನೋಡಿದಳು. "ಇದು ಸಿಡುಬಿನ ಅಚ್ಚು. ಪ್ರಪಂಚದ ಮೊದಲ ಲಸಿಕೆ ಅದೇ ಗೌಡ್ರೇ. ದನದ ಮೊಲೆಯ ಮೇಲೆ ಏಳುವ ಗುಳ್ಳೆಯಿಂದ ಶುರುವಾದದ್ದು. ಅದರಿಂದಲೇ ಸಿಡುಬು ಭೂಮಿಯ ಮೇಲಿಂದ ಹೋಯಿತು."

"ಅದನ್ನ ಹಾಕ್ಸದ್ದು ನನ್ನವ್ವಿ," ಎಂದ ದುರ್ಗ. "ನಂಗಿಂತ ಮುಂಚೆ ಒಂದು ಮಗು ಸಿಡುಬಿನ ಅಮ್ಮನ ಗುಳ್ಳೆ ಎದ್ದು ಸತ್ತಿತ್ತು. ಅಚ್ಚು ಹಾಕೋರು ಬಂದಾಗ ಕೊಪ್ಪಕ್ಕೆ ಕೊಪ್ಪವೇ ಕಾಡಿಗೆ ಓಡ್ತಂತೆ. ಅವ್ವಿ ಒಂದೇ ನನ್ನ ಎತ್ಕಂಡು ಅಂಗಳದಲ್ಲಿ ನಿಂತದ್ದು. ಹಾಡು ಅಮ್ಮಂಗೆ, ಸೂಜಿ ಮಗೂಗೆ ಅಂತಿತ್ತು."

ಪ್ರಣಿತಾ ಹೇಳುವುದೋ ಬೇಡವೋ ಎಂಬ ಹಾಗೆ ಚೀಲದ ಬಾರು ತಿರುವಿದಳು. "ನಿಮ್ಮ ರಕ್ತದಲ್ಲಿ ಮಂಗನ ಕಾಯಿಲೆ ಹಿಂದೆ ಬಂದು ಹೋದ ಗುರುತಿದೆ. ಆ ಜ್ವರ ಇದೇ ಇದ್ದಿರಬೇಕು. ಮೈ ಅದರ ಜೊತೆ ಹೋರಾಡುವುದನ್ನು ಕಲಿತಿದೆ. ಮತ್ತೆ ಬರುವುದೇ ಇಲ್ಲ ಅಂತ ನಾನು ಆಣೆ ಇಡಲಾರೆ. ಆದರೆ ಕೊಪ್ಪದಲ್ಲಿ ಬೇರೆ ಯಾರಿಗೂ ಆ ಗುರುತು ಇಲ್ಲ."

ದುರ್ಗನಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಬಾಯಲ್ಲಿದ್ದ ಕವಳವನ್ನು ಅಂಗಳಕ್ಕೆ ಉಗಿದ.

"ಹಾಂಗಾರೆ... ಆ ಮುಸಿಯನ್ನ ನಾನೇ ಮೀಯ್ಸಿದ್ರೆ?"

ಉಣುಗು ಕಚ್ಚಿದರೂ ಬಹುಶಃ ಬದುಕುತ್ತಿದ್ದವನು ಮಡಿ ಕಾಯ್ದುಕೊಂಡು ಕಾಯಿ ಹಿಡಿದು ದೂರ ನಿಂತಿದ್ದ. ಮೈಯಲ್ಲಿ ಆ ಬಲ ಇಲ್ಲದವಳು ಮಡಿಲು ಕೊಟ್ಟಿದ್ದಳು. ದುರ್ಗ ಎದ್ದು ಕೊಟ್ಟಿಗೆಗೆ ಹೋದ. ಆ ಅಟ್ಟದ ಕೆಳಗೆ, ಹುಲ್ಲಿಗೆ ಹಣೆ ಒತ್ತಿ, ಗಂಡಸು ಅಳಬಾರದೆಂಬುದನ್ನೆಲ್ಲ ಮರೆತು ಹೋ ಎಂದು ಅತ್ತ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಆ ಬುದ್ಧಿಯನ್ನು ತೆಗೆದುಕೊಂಡು ಏನು ಮಾಡುವುದು, ನಾಗಮ್ಮ ಬರುತ್ತಾಳೆಯೇ?

ಬೇಸಗೆ ಏರುತ್ತಿದ್ದಾಗ ಇನ್ನೊಂದು ಮುಸಿಯ ಬಿತ್ತು. ಈ ಸಲ ಹಮ್ಮಜ್ಜನ ಬಾವಿಕಟ್ಟೆಯ ಹತ್ತಿರ. ದುರ್ಗ ಪೇಟೆಯಿಂದ ಬರುವಷ್ಟರಲ್ಲಿ ಕೊಪ್ಪದವರೆಲ್ಲ ಸೇರಿದ್ದರು. ಕಾಯಿ ತಂದಿದ್ದರು, ಹೊಸ ಬಟ್ಟೆ ತಂದಿದ್ದರು. ಜನ ಎರಡು ಪಾಲಾಗಿ ದಾರಿ ಬಿಟ್ಟಿದ್ದರು. ಆ ದಾರಿಯಲ್ಲಿ ವಿನುತಾ ಬರುತ್ತಿದ್ದಳು, ಅವ್ವಿಯ ಕೊಡದಲ್ಲಿ ಅರಿಶಿನ ನೀರು ತುಂಬಿಕೊಂಡು.

ಬುಧವಂತನ ಮನೆಯ ಹೆಂಗಸು ಈಗ ಅವಳೇ ಅಲ್ಲವೇ! ದುರ್ಗನಿಗೆ ಅದು ಹೊಳೆದೇ ಇರಲಿಲ್ಲ.

"ವಿನುತಾ, ನಿಲ್ಲು!"

ಅವಳು ನಿಲ್ಲಲಿಲ್ಲ. "ಬಿಡು ಅಪ್ಪಾ. ನನ್ ಬಾಯಿಂದ ಅವ್ವಿ ಹೋತು. ನಾನೇ ಮೀಯ್ಸ್ತೆ. ಆಮೇಲಾರೂ ದೇವ್ರ ಸಿಟ್ಟು ಇಳೀಲಿ."

ಎಲ್ಲ ತಿಳಿದ ಹುಡುಗಿ. ಉಣುಗು ಇಳಿಯುತ್ತದೆ, ಕಚ್ಚುತ್ತದೆ ಎಂದು ಅಂದು ಅಪ್ಪನಿಗೆ ಬುದ್ಧಿ ಹೇಳಿದವಳೇ ಇಂದು ಹೀಗೆ ಹೇಳುತ್ತಿದ್ದಾಳೆ. ಜಗಲಿಯ ಮಾತು ಅವಳನ್ನು ಎಲ್ಲಿಗೆ ತಂದು ನಿಲ್ಲಿಸಿದೆ ಎಂಬುದು ದುರ್ಗನಿಗೆ ಈಗ ಕಂಡಿತು. ಓಡಿ ಹೋಗಿ ಅವಳ ಸೊಂಟದಿಂದ ಕೊಡ ಕಿತ್ತುಕೊಂಡ. ನೀರನ್ನೆಲ್ಲ ಅಲ್ಲೇ ಹಮ್ಮಜ್ಜನ ಬಾಳೆಯ ಬುಡಕ್ಕೆ ಸುರಿದ.

"ದುರ್ಗಾ!" ಹಮ್ಮಜ್ಜ ಕೋಲು ಕುಟ್ಟಿದ. "ತಲೆ ಸಮ ಅದ್ಯಾ ನಿಂಗೆ? ದೇವ್ರಿಗೆ ಮೀಯ್ಸೂದು ಬ್ಯಾಡ್ದಾ?"

"ಮಿಂದಾತು ಅಜ್ಜಾ. ಇನ್ನು ಬೀಳೋ ಮುಸಿಯಗಳಿಗೂ ಸೇರ್ಸಿ ನಾಗಮ್ಮ ಮೀಯ್ಸಿ ಹೋಗ್ಯದೆ." ಅವನು ಬರಿದಾದ ಕೊಡವನ್ನು ನೆಲಕ್ಕಿಟ್ಟ. "ನನ್ ಹೆಂಡ್ತಿ ಸತ್ತದ್ದು ಈ ಹುಡ್ಗಿ ಬಾಯಿಂದಲ್ಲ. ಇದು ಹೇಳ್ದ ಮಾತು ನಾ ಕೇಳ್ಲಿಲ್ಲ, ಅದ್ಕೆ ಸತ್ತದ್ದು. ಕೇಳ್ತ್ರೋ ಎಲ್ರೂ? ಬುಧವಂತ ಹೇಳ್ತಾ ಇದ್ದೆ. ಈ ಕೊಪ್ಪದಲ್ಲಿ ಇನ್ನು ಯಾರೂ ಸತ್ತ ಮುಸಿಯನ್ನ ಮುಟ್ಟೂಕಿಲ್ಲ."

ಅವನು ಅಂಗಿಯ ಜೇಬಿನಿಂದ ಮೊಬೈಲು ತೆಗೆದ. ಚೀಟಿಯ ಮೇಲಿನ ನಂಬರು ಅವನಿಗೆ ಬಾಯಿಪಾಠವಾಗಿತ್ತು.

ಇಲಾಖೆಯವರು ಮೈತುಂಬ ಬಿಳಿ ಉಡುಪು ತೊಟ್ಟು ಬಂದರು. ಪರೀಕ್ಷೆಗೆ ಬೇಕಾದ್ದನ್ನು ತೆಗೆದುಕೊಂಡು, ಸುತ್ತ ಔಷಧಿಯ ಪುಡಿ ಚೆಲ್ಲಿ, ಸೌದೆ ಒಟ್ಟಿ ಬೆಂಕಿ ಕೊಟ್ಟರು. ಹೆಂಗಸರು ಬಾಯಿಗೆ ಸೆರಗು ಹಿಡಿದು ದೂರ ನಿಂತರು. ಹಾಡಿಲ್ಲದೆ ಯಾವ ಹೆಣವೂ ಆ ಕೊಪ್ಪದಿಂದ ಹೋಗಿರಲಿಲ್ಲ.

ಆಗ ದುರ್ಗ ಹಾಡತೊಡಗಿದ. ಅದು ಹೆಂಗಸರ ಹಾಡು, ಗಂಡಸರು ಹಾಡಿದ್ದನ್ನು ಯಾರೂ ಕಂಡವರಿಲ್ಲ. ಗೊಗ್ಗರು ದನಿ, ತಾಳವೂ ಇಲ್ಲ. ಮರದ ಮೇಲಿನ ಮಗನೇ ಎಂದ. ತಲೆಗಿಂಬು ಎಲ್ಲಿ ಎಂದ. ಅಲ್ಲಿಗೆ ನಿಂತ, ಮುಂದಿನ ಸಾಲು ಬರಲಿಲ್ಲ.

ವಿನುತಾ ಅಪ್ಪನ ಪಕ್ಕಕ್ಕೆ ಬಂದು ನಿಂತಳು. "ಮಡಿಲೇ ತಲೆಗಿಂಬು" ಎಂದು ಸಣ್ಣಗೆ ಎತ್ತಿಕೊಟ್ಟಳು. ಬೆಂಕಿ ಆರುವ ತನಕ ಇಬ್ಬರೂ ಅಲ್ಲೇ ನಿಂತು ಹಾಡಿದರು.